ಹೈಬ್ರಿಡ್ ಕಾರು: ಹೆಚ್ಚಿನ ಬೆಲೆ ಯಾರಿಗೆ ಮರಳಿ ಬರುತ್ತದೆ?

ಹೈಬ್ರಿಡ್ ಎಂಬ ಮಾತು ರೈತ ಬಾಂಧವರಿಗೆ ಹೊಸದಲ್ಲ. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಸಂಕರಣ ಜೋಳ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಬಿ.ಎಸ್.ಎಚ್.-1 ಎಂಬ ಸಂಕರಣ ಸೂರ್ಯಕಾಂತಿಯನ್ನು ಹೊರತಂದಿತು. ಈ ಬೀಜಗಳ ಬೆಲೆ ಹೆಚ್ಚು. ಮನೆಯ ಬೀಜವನ್ನು ಇಟ್ಟುಕೊಂಡು ಮರುವರ್ಷ ಬಿತ್ತುವಂತಿಲ್ಲ, ಪ್ರತಿ ಸಲವೂ ಹೊಸದಾಗಿ ಕೊಳ್ಳಬೇಕು. ಆದರೂ ನೀರು, ಗೊಬ್ಬರ ಒದಗುವ ಭೂಮಿಯಲ್ಲಿ ಹೆಚ್ಚಿಗೆ ಬಂದ ಇಳುವರಿಯು ಹೆಚ್ಚಿಗೆ ಕೊಟ್ಟ ಬೆಲೆಯನ್ನು ತೀರಿಸಿ ಮೇಲೆ ಲಾಭವನ್ನೂ ಕೊಟ್ಟಿತು. ಮಳೆ ಕೈಕೊಟ್ಟ ಖುಷ್ಕಿ ಹೊಲದಲ್ಲಿ ಅದೇ ಬೀಜದಿಂದ ಬೀಜದ ಹಣವೂ ಹುಟ್ಟದೆ ಹೋದದ್ದುಂಟು. ಬೀಜದಲ್ಲಿ ದೋಷವಿರಲಿಲ್ಲ, ಬಿತ್ತಿದ ಜಾಗ ಅದಕ್ಕೆ ತಕ್ಕುದಾಗಿರಲಿಲ್ಲ.

ಈಗ ಅದೇ ಹೈಬ್ರಿಡ್ ಎಂಬ ಹೆಸರು ಹೊತ್ತ ಕಾರುಗಳು ತುಮಕೂರು, ಗುಬ್ಬಿ, ಕುಣಿಗಲ್ ರಸ್ತೆಗಳಲ್ಲಿ ಕಾಣುತ್ತಿವೆ. ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಇವುಗಳ ಬೆಲೆ ಎರಡು, ಎರಡೂವರೆ ಲಕ್ಷ ರೂಪಾಯಿ ಹೆಚ್ಚು. "ಪೆಟ್ರೋಲ್ ಉಳಿತಾಯದಲ್ಲಿ ಆ ಹಣ ತಾನಾಗಿ ಬಂದುಬಿಡುತ್ತದೆ" ಎಂಬ ಮಾತನ್ನು ನಂಬಿ ತೋಟದ ಹಣವನ್ನು ತೊಡಗಿಸಲು ಹೊರಟವರೂ ಇದ್ದಾರೆ. ಬೇಸಾಯದ ಹಣ ಹೊಲದಿಂದ ಹೊರಗೆ ಹೋಗುವಾಗ ಬೀಜ, ಗೊಬ್ಬರಕ್ಕೆ ಹಾಕುವ ಲೆಕ್ಕವನ್ನೇ ಅದಕ್ಕೂ ಹಾಕಬೇಕು. ಆ ಲೆಕ್ಕವನ್ನು ಹೇಗೆ ಹಾಕಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹೈಬ್ರಿಡ್ ಕಾರು ಎಂದರೇನು?

ಒಂದೇ ಕಾರಿನಲ್ಲಿ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡೂ ಇದ್ದರೆ ಅದು ಹೈಬ್ರಿಡ್ ಕಾರು. ಇದನ್ನು ಮನೆಯಲ್ಲಿ ಚಾರ್ಜ್ ಮಾಡುವ ಅಗತ್ಯವಿಲ್ಲ. ಬ್ರೇಕ್ ಹಾಕಿದಾಗ ಸಾಮಾನ್ಯ ಕಾರಿನಲ್ಲಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯನ್ನು ಇಲ್ಲಿ ಮೋಟಾರು ವಿದ್ಯುತ್ತಾಗಿ ಮಾರ್ಪಡಿಸಿ ಬ್ಯಾಟರಿಗೆ ತುಂಬುತ್ತದೆ. ಕಾರು ನಿಂತಾಗ ಮತ್ತು ನಿಧಾನವಾಗಿ ತೆವಳುವಾಗ ಎಂಜಿನ್ ಆರಿರುತ್ತದೆ. ಮೋಟಾರೇ ಕಾರನ್ನು ಎಳೆಯುತ್ತದೆ.

ಇದರ ಪ್ರಯೋಜನ ತಿಳಿಯಬೇಕಾದರೆ ನಿಮ್ಮ ಪಂಪ್‌ಸೆಟ್ಟನ್ನು ನೆನಪಿಗೆ ತಂದುಕೊಳ್ಳಿ. ಅರ್ಧ ಇಂಚು ನೀರಿರುವ ಕೊಳವೆ ಬಾವಿಗೆ ಏಳೂವರೆ ಅಶ್ವಶಕ್ತಿಯ ಮೋಟಾರು ಇಳಿಸಿ, ಗೇಟ್ ವಾಲ್ವನ್ನು ಮುಕ್ಕಾಲು ಮುಚ್ಚಿ ಓಡಿಸಿದರೆ ವಿದ್ಯುತ್ ಖರ್ಚಾಗುತ್ತದೆ, ನೀರು ಮಾತ್ರ ಕಡಿಮೆ. ಪೇಟೆಯಲ್ಲಿ ಓಡುವ ಕಾರಿನ ಎಂಜಿನ್ನಿನ ಪಾಡೂ ಹೀಗೆಯೇ. ದೊಡ್ಡ ಎಂಜಿನ್, ಚಿಕ್ಕ ಕೆಲಸ. ಕಾರು ಹೆದ್ದಾರಿಗೆ ಬಂದು ಒಂದೇ ವೇಗದಲ್ಲಿ ಸಾಗತೊಡಗಿದಾಗ ಎಂಜಿನ್ನಿಗೆ ತಕ್ಕ ಹೊರೆ ಸಿಗುತ್ತದೆ. ಅಲ್ಲಿ ಬ್ರೇಕಿನ ಬಳಕೆಯೂ ಕಡಿಮೆ. ಮರಳಿ ಪಡೆಯುವ ಶಕ್ತಿಯೂ ಕಡಿಮೆ. ಆದುದರಿಂದ ಹೈಬ್ರಿಡ್ ಕಾರಿನ ಉಳಿತಾಯದ ಬಹುಪಾಲು ಪೇಟೆಯ ದಟ್ಟಣೆಯಲ್ಲಿ ಹುಟ್ಟುತ್ತದೆ, ತೆರೆದ ರಸ್ತೆಯಲ್ಲಿ ಅಲ್ಲ. ಈ ಒಂದು ಅಂಶವನ್ನು ಓದುಗರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹೆಸರು ಒಂದೇ, ಗುಣ ಬೇರೆ

ಮಾರುಕಟ್ಟೆಯಲ್ಲಿ ಎರಡು ಬಗೆಯ ಕಾರುಗಳಿಗೆ ಹೈಬ್ರಿಡ್ ಎಂಬ ಹೆಸರಿದೆ. ಮೊದಲನೆಯದು ಸೌಮ್ಯ ಹೈಬ್ರಿಡ್. ಇದರಲ್ಲಿ ಪುಟ್ಟ ಮೋಟಾರು ಎಂಜಿನ್ನಿಗೆ ಕೈ ನೀಡುತ್ತದೆಯೇ ಹೊರತು ತಾನೊಂದೇ ಕಾರನ್ನು ಎಳೆಯಲಾರದು. ಎರಡನೆಯದು ಪೂರ್ಣ ಹೈಬ್ರಿಡ್. ಮೇಲೆ ವಿವರಿಸಿದ್ದು ಇದನ್ನೇ; ಬೆಲೆ ಹೆಚ್ಚಿರುವುದೂ ಇದಕ್ಕೇ. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪ್ರೋತ್ಸಾಹ ಯೋಜನೆಯಲ್ಲಿ ಸೌಮ್ಯ ಹೈಬ್ರಿಡ್ ಕಾರುಗಳಿಗೂ ಮೊದಲು ಸಹಾಯಧನವಿತ್ತು. 2017ರಲ್ಲಿ ಅವುಗಳನ್ನು ಕೈಬಿಡಲಾಯಿತು. ಬೀಜದ ಚೀಲದ ಮೇಲಿನ ಚೀಟಿಯನ್ನು ಓದದೆ ಬೀಜ ಕೊಳ್ಳಬಾರದೆಂದು ಹೇಳುವಂತೆ, ಇಲ್ಲಿಯೂ ಯಾವ ಬಗೆಯ ಹೈಬ್ರಿಡ್ ಎಂಬುದನ್ನು ಮೊದಲು ಕೇಳಿ ತಿಳಿಯಿರಿ.

ಪೂರ್ಣ ಹೈಬ್ರಿಡ್ ಕಾರುಗಳು ನಮಗೆ ದೂರದವೇನಲ್ಲ. ಜಪಾನಿನಲ್ಲಿ 1997ರಲ್ಲಿ ಟೊಯೋಟಾ ಪ್ರಿಯಸ್ ಮಾರಾಟಕ್ಕೆ ಬಂದಿತು. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರು ನಮ್ಮ ನೆರೆಯ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಜೋಡಣೆಗೊಂಡಿತು. 2022ರಲ್ಲಿ ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರ ಎಂಬ ಎರಡು ಕಾರುಗಳು ಅದೇ ಬಿಡದಿಯಿಂದ ಹೊರಬಂದವು. ಮಧ್ಯಮ ಬೆಲೆಯ ಕಾರಿನಲ್ಲಿ ಪೂರ್ಣ ಹೈಬ್ರಿಡ್ ನಮ್ಮ ಕಡೆ ಪರಿಚಿತವಾದದ್ದು ಇವುಗಳಿಂದ.

ಕಾಗದದ ಮೈಲೇಜ್ ಮತ್ತು ಕೈಗೆ ಸಿಗುವ ಹಣ

ಗ್ರ್ಯಾಂಡ್ ವಿಟಾರ ಮಾರುಕಟ್ಟೆಗೆ ಬಂದಾಗ ಪೂರ್ಣ ಹೈಬ್ರಿಡ್ ಮಾದರಿಗೆ ಲೀಟರಿಗೆ 27.97 ಕಿ.ಮೀ., ತಾನಾಗಿ ಗೇರ್ ಬದಲಾಗುವ ಸೌಮ್ಯ ಹೈಬ್ರಿಡ್ ಮಾದರಿಗೆ 20.58 ಕಿ.ಮೀ. ಎಂದು ಪ್ರಮಾಣೀಕೃತ ಮೈಲೇಜ್ ಘೋಷಿಸಲಾಗಿತ್ತು. ಪೆಟ್ರೋಲ್ ಬೆಲೆಯನ್ನು ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 100 ರೂ. ಎಂದು ಹಿಡಿಯೋಣ. ಕಿಲೋಮೀಟರಿಗೆ ಮೊದಲನೆಯದಕ್ಕೆ 3 ರೂ. 58 ಪೈಸೆ, ಎರಡನೆಯದಕ್ಕೆ 4 ರೂ. 86 ಪೈಸೆ ಖರ್ಚು. ಉಳಿತಾಯ 1 ರೂ. 28 ಪೈಸೆ. ಬೆಲೆ, ಆಜೀವ ತೆರಿಗೆ, ವಿಮೆ ಎಲ್ಲ ಸೇರಿ ಹೈಬ್ರಿಡ್ಡಿಗೆ 2,50,000 ರೂ. ಹೆಚ್ಚು ಕೊಟ್ಟಿರಿ ಎಂದಿಟ್ಟುಕೊಂಡರೆ, ಅಷ್ಟು ಹಣ ಮರಳಿ ಬರಲು ಸುಮಾರು 1,95,000 ಕಿ.ಮೀ. ಓಡಿಸಬೇಕು. ಈ ಕಾರುಗಳ ಹೈಬ್ರಿಡ್ ಬ್ಯಾಟರಿಗೆ ಕಂಪನಿಗಳು ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ.; ಯಾವುದು ಮೊದಲೋ ಅದು. ಎಂದರೆ ಕಂಪನಿಯದೇ ಅಂಕಿ ಹಿಡಿದರೂ ಹಣ ತೀರುವ ಮೊದಲೇ ವಾರಂಟಿ ತೀರುತ್ತದೆ.

ಮೈಲೇಜಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ರಾಗಿಗೆ ಹಾಕುವ ಯೂರಿಯದಲ್ಲಿ ಮೊದಲ ಚೀಲ ಕೊಡುವಷ್ಟು ಇಳುವರಿಯನ್ನು ಎರಡನೆಯ ಚೀಲ ಕೊಡುವುದಿಲ್ಲ. ಮೈಲೇಜೂ ಹಾಗೆಯೇ. ಲೀಟರಿಗೆ 12 ಕಿ.ಮೀ. ಕೊಡುವ ಕಾರು 18 ಕೊಟ್ಟರೆ 100 ಕಿ.ಮೀ. ಪ್ರಯಾಣದಲ್ಲಿ 278 ರೂ. ಉಳಿಯುತ್ತದೆ. 18 ಕೊಡುವುದು 24 ಕೊಟ್ಟರೆ ಉಳಿಯುವುದು 139 ರೂ. ಮಾತ್ರ. ಎರಡು ಕಡೆಯೂ ಹೆಚ್ಚಿದ್ದು ಆರೇ ಕಿಲೋಮೀಟರು. ಉಳಿತಾಯ ಮಾತ್ರ ಅರ್ಧ. ಆದುದರಿಂದ ಮೈಲೇಜಿನ ಅಂಕಿಗಿಂತ ಕಿಲೋಮೀಟರಿಗೆ ಎಷ್ಟು ರೂಪಾಯಿ ಉಳಿಯಿತು ಎಂಬುದನ್ನೇ ನೋಡಬೇಕು.

ನಾಲ್ಕು-ಒಂದರ ಲೆಕ್ಕ

ನಿಜವಾದ ರಸ್ತೆಯಲ್ಲಿ ಯಾವ ಕಾರೂ ಪ್ರಮಾಣೀಕೃತ ಮೈಲೇಜನ್ನು ಸದಾ ಕೊಡುವುದಿಲ್ಲ. ಆದುದರಿಂದ ಲೆಕ್ಕಕ್ಕೆ ಹೀಗೆ ಹಿಡಿಯೋಣ. ಪೇಟೆಯಲ್ಲಿ ಸಾಮಾನ್ಯ ಕಾರು 12 ಕಿ.ಮೀ., ಪೂರ್ಣ ಹೈಬ್ರಿಡ್ 24 ಕಿ.ಮೀ. ಹೆದ್ದಾರಿಯಲ್ಲಿ ಸಾಮಾನ್ಯ ಕಾರು 18, ಹೈಬ್ರಿಡ್ 22. ಹೀಗಾದರೆ ಪೇಟೆಯಲ್ಲಿ ಓಡಿದ ಪ್ರತಿ ಕಿಲೋಮೀಟರಿಗೆ ಸುಮಾರು 4 ರೂ., ಹೆದ್ದಾರಿಯಲ್ಲಿ ಓಡಿದ ಪ್ರತಿ ಕಿಲೋಮೀಟರಿಗೆ ಸುಮಾರು 1 ರೂ. ಉಳಿಯುತ್ತದೆ. ಇದನ್ನು ನಾಲ್ಕು-ಒಂದರ ಲೆಕ್ಕ ಎಂದು ಕರೆಯೋಣ. ನಿಮ್ಮ ವರ್ಷದ ಪೇಟೆ ಓಟವನ್ನು ನಾಲ್ಕರಿಂದ ಗುಣಿಸಿ, ಹೆದ್ದಾರಿ ಓಟವನ್ನು ಹಾಗೆಯೇ ಕೂಡಿಸಿ. ಬಂದದ್ದೇ ವರ್ಷದ ಉಳಿತಾಯ.

ಈಗ ನಮ್ಮ ಭಾಗದ ಮೂರು ಬಗೆಯ ಬಳಕೆಗೆ ಇದನ್ನು ಅನ್ವಯಿಸಿ ನೋಡೋಣ. ಇವು ಲೆಕ್ಕಕ್ಕಾಗಿ ಹಿಡಿದ ಮಾದರಿಗಳು.

1) ಕುಣಿಗಲ್ ಕಡೆಯ ಕೃಷಿಕ ಕುಟುಂಬ: ವಾರಕ್ಕೊಮ್ಮೆ ಸುಮಾರು 36 ಕಿ.ಮೀ. ದೂರದ ತುಮಕೂರಿಗೆ, ತಿಂಗಳಿಗೊಮ್ಮೆ ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೆ, ಜೊತೆಗೆ ಮದುವೆ, ಜಾತ್ರೆ, ಆಸ್ಪತ್ರೆ ಓಡಾಟ. ವರ್ಷಕ್ಕೆ 8,000 ಕಿ.ಮೀ.; ಅದರಲ್ಲಿ ಪೇಟೆಯದು 2,000. ಉಳಿತಾಯ 8,000 ಮತ್ತು 6,000, ಒಟ್ಟು 14,000 ರೂ. ಎರಡೂವರೆ ಲಕ್ಷ ತೀರಲು ಸುಮಾರು 18 ವರ್ಷ ಬೇಕು.

2) ಗುಬ್ಬಿಯಿಂದ ತುಮಕೂರಿಗೆ ದಿನವೂ ಹೋಗಿಬರುವವರು: ಅಂಗಡಿ, ನೌಕರಿ ಅಥವಾ ಅಂತರಸನಹಳ್ಳಿ ಮಾರುಕಟ್ಟೆಯ ವ್ಯಾಪಾರಕ್ಕಾಗಿ ದಿನಕ್ಕೆ 40 ಕಿ.ಮೀ.ಗೆ ಮೇಲ್ಪಟ್ಟು. ವರ್ಷಕ್ಕೆ 15,000 ಕಿ.ಮೀ.; ಗುಬ್ಬಿ ಗೇಟ್, ಬಿ.ಎಚ್. ರಸ್ತೆ, ಟೌನ್‌ಹಾಲ್ ವೃತ್ತದ ದಟ್ಟಣೆಯ ಓಟ 5,000. ಉಳಿತಾಯ 20,000 ಮತ್ತು 10,000, ಒಟ್ಟು 30,000 ರೂ. ತೀರಲು 8 ವರ್ಷ 4 ತಿಂಗಳು.

3) ಬಾಡಿಗೆಗೆ ಓಡಿಸುವವರು: ತುಮಕೂರು, ನೆಲಮಂಗಲ, ಪೀಣ್ಯ, ಬೆಂಗಳೂರು ನಗರ ಎಂದು ವರ್ಷಕ್ಕೆ 40,000 ಕಿ.ಮೀ.; ಅರ್ಧ ಪೇಟೆಯ ಓಟ. ಉಳಿತಾಯ 80,000 ಮತ್ತು 20,000, ಒಟ್ಟು 1,00,000 ರೂ. ಎರಡೂವರೆ ವರ್ಷದಲ್ಲಿ ತೀರುತ್ತದೆ.

ಕಾರು ಒಂದೇ, ಹೆಚ್ಚುವರಿ ಬೆಲೆಯೂ ಒಂದೇ; ಆದರೂ ಒಬ್ಬರಿಗೆ ಎರಡೂವರೆ ವರ್ಷ, ಇನ್ನೊಬ್ಬರಿಗೆ ಹದಿನೆಂಟು ವರ್ಷ. ಗುಬ್ಬಿ, ತುಮಕೂರು ತಾಲ್ಲೂಕುಗಳು ಪೂರ್ವ ಒಣವಲಯಕ್ಕೂ, ಕುಣಿಗಲ್ ದಕ್ಷಿಣ ಒಣವಲಯಕ್ಕೂ ಸೇರಿವೆ ಎಂದು ನಾವು ತಳಿಗಳನ್ನು ವಲಯವಾರು ಶಿಫಾರಸು ಮಾಡುವುದಿಲ್ಲವೇ? ಕಾರನ್ನೂ ಹಾಗೆಯೇ ಓಟದ ವಲಯ ನೋಡಿ ಆರಿಸಬೇಕು.

ಮರೆಯುವ ಖರ್ಚು: ಬಡ್ಡಿ

ಮೇಲಿನ ಲೆಕ್ಕದಲ್ಲಿ ಒಂದು ಕೊರತೆ ಇದೆ. ಎರಡೂವರೆ ಲಕ್ಷ ರೂಪಾಯಿಗೆ ಬಡ್ಡಿ ಹಿಡಿದಿಲ್ಲ. ಅದೇ ಹಣವನ್ನು ನೂರಕ್ಕೆ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 17,500 ರೂ. ಬರುತ್ತದೆ. ಮೊದಲ ಮಾದರಿಯ ಕುಟುಂಬಕ್ಕೆ ಪೆಟ್ರೋಲಿನಲ್ಲಿ ಉಳಿಯುವುದು 14,000. ಎಂದರೆ ಉಳಿತಾಯವೆಲ್ಲ ಬಡ್ಡಿಗೇ ಸಾಲದು. ಅಸಲು ಎಂದಿಗೂ ಮರಳುವುದಿಲ್ಲ. ಹದಿನೆಂಟು ವರ್ಷ ಎಂದದ್ದು ಕೂಡ ಬರಿಯ ಮಾತಾಯಿತು. ಗುಬ್ಬಿಯವರಿಗೆ ಬಡ್ಡಿ ಸೇರಿಸಿದರೆ 8 ವರ್ಷ ಹೋಗಿ ಸುಮಾರು 13 ವರ್ಷವಾಗುತ್ತದೆ. ಬಾಡಿಗೆ ಕಾರಿನವರಿಗೆ ಬಡ್ಡಿ ಸೇರಿಸಿಯೂ ಮೂರು ವರ್ಷದೊಳಗೆ ಮುಗಿಯುತ್ತದೆ.

ಸಾಲ ಮಾಡಿ ಕೊಳ್ಳುವವರಿಗೆ ಬಡ್ಡಿ ಇನ್ನೂ ಹೆಚ್ಚು; ನೂರಕ್ಕೆ 9 ಎಂದರೆ ಮೊದಲ ವರ್ಷವೇ 22,500 ರೂ. ಬೆಳೆ ಸಾಲದ ಅಥವಾ ಒಡವೆ ಅಡವಿಟ್ಟ ಹಣವನ್ನು ಇದಕ್ಕೆ ತೊಡಗಿಸುವುದಂತೂ ಸರ್ವಥಾ ಕೂಡದು.

"ಪೆಟ್ರೋಲ್ ಬೆಲೆ ಏರಿದರೆ?" ಎಂದು ನೀವು ಕೇಳಬಹುದು. ಲೀಟರಿಗೆ 120 ರೂ. ಆಯಿತೆನ್ನಿ. ಉಳಿತಾಯ ಐದರಲ್ಲೊಂದು ಪಾಲು ಹೆಚ್ಚುತ್ತದೆ. ಮೊದಲ ಮಾದರಿಯಲ್ಲಿ 14,000 ಹೋಗಿ 16,800 ಆಗುತ್ತದೆ. ಆಗಲೂ 17,500 ರೂ. ಬಡ್ಡಿಗೆ ಸಾಲದು. ಕಡಿಮೆ ಓಡುವ ಕಾರನ್ನು ಪೆಟ್ರೋಲಿನ ಬೆಲೆಯೇರಿಕೆಯೂ ಲಾಭಕ್ಕೆ ತರಲಾರದು.

ಎಷ್ಟು ಓಡಿಸಿದರೆ ಕೊಳ್ಳಬಹುದು?

ಬ್ಯಾಟರಿಯ ವಾರಂಟಿಯ ಎಂಟು ವರ್ಷದೊಳಗೆ, ನೂರಕ್ಕೆ 7ರ ಬಡ್ಡಿಯೊಡನೆ ಎರಡೂವರೆ ಲಕ್ಷ ಮರಳಬೇಕಾದರೆ ವರ್ಷಕ್ಕೆ ಸುಮಾರು 42,000 ರೂ. ಉಳಿಯಬೇಕು. ನಾಲ್ಕು-ಒಂದರ ಲೆಕ್ಕದಲ್ಲಿ ಪೇಟೆಯಲ್ಲಿ 8,000 ಮತ್ತು ಹೆದ್ದಾರಿಯಲ್ಲಿ 10,000, ಒಟ್ಟು 18,000 ಕಿ.ಮೀ. ಓಡಿಸುವವರಿಗೆ ಇದು ಸರಿಹೊಂದುತ್ತದೆ. ಇದಕ್ಕಿಂತ ಹೆಚ್ಚು ಓಡಿಸುವವರಿಗೆ ಹೈಬ್ರಿಡ್ ಲಾಭದಾಯಕ. ಇದಕ್ಕಿಂತ ಬಹಳ ಕಡಿಮೆ ಓಡಿಸುವವರು ಹಣದ ಲಾಭಕ್ಕಾಗಿ ಅದನ್ನು ಕೊಳ್ಳಬಾರದು. ಬೆಲೆಯ ಅಂತರ ಎರಡು ಲಕ್ಷವಾದರೆ 42,000ದ ಜಾಗದಲ್ಲಿ ಸುಮಾರು 33,500, ಒಂದೂವರೆ ಲಕ್ಷವಾದರೆ ಸುಮಾರು 25,000 ಎಂದು ಹಿಡಿಯಿರಿ.

ಕೊಳ್ಳುವ ಮೊದಲು ಅನುಸರಿಸಬೇಕಾದ ಕ್ರಮಗಳು

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದು. ಓಟದ ಪರೀಕ್ಷೆ ಮಾಡದೆ ಹೈಬ್ರಿಡ್ ಕೊಳ್ಳಬಾರದು.

1) ಈಗಿರುವ ವಾಹನದ ಓಟವನ್ನು ಮೂರು ತಿಂಗಳು ಪುಸ್ತಕದಲ್ಲಿ ಬರೆದಿಡಿ. ಪೇಟೆಯ ಓಟ, ಹೊರರಸ್ತೆಯ ಓಟ ಎಂದು ಎರಡು ಕಾಲಂ ಇರಲಿ. ನಾಲ್ಕರಿಂದ ಗುಣಿಸಿದರೆ ವರ್ಷದ ಓಟ ಸಿಗುತ್ತದೆ. ಸುಗ್ಗಿ, ಮದುವೆ ಕಾಲದ ಓಡಾಟ ಹೆಚ್ಚಿರುವುದನ್ನು ಗಮನದಲ್ಲಿಡಿ.

2) ಮೈಲೇಜನ್ನು ನೀವೇ ಅಳೆಯಿರಿ. ಟ್ಯಾಂಕ್ ತುಂಬಿಸಿ ಮೀಟರಿನ ಅಂಕಿ ಬರೆದುಕೊಳ್ಳಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಾಕಿದ ಲೀಟರಿನಿಂದ ಭಾಗಿಸಿ. ಮೂರು ಸಲದ ಸರಾಸರಿ ನಂಬಿಕೆಗೆ ಅರ್ಹ.

3) ಹೋಲಿಸುವಾಗ ಸಮನಾದುದನ್ನೇ ಹೋಲಿಸಿ. ಈ ಪೂರ್ಣ ಹೈಬ್ರಿಡ್ ಕಾರುಗಳಲ್ಲಿ ಗೇರ್ ತಾನಾಗಿ ಬದಲಾಗುತ್ತದೆ. ಅದೇ ಸೌಕರ್ಯವಿರುವ ಪೆಟ್ರೋಲ್ ಮಾದರಿಯ ಬೆಲೆಯೊಂದಿಗೆ ನೋಡಿ. ಷೋರೂಂ ಬೆಲೆಯನ್ನಲ್ಲ, ರಸ್ತೆಗಿಳಿದಾಗಿನ ಒಟ್ಟು ಬೆಲೆಯನ್ನು ಕೇಳಿ. ಆಜೀವ ತೆರಿಗೆ ಕಾರಿನ ಬೆಲೆಯ ಮೇಲೆ ನಿಂತಿದೆ. ಬೆಲೆ ಏರಿದರೆ ತೆರಿಗೆಯೂ ಏರುತ್ತದೆ.

4) ಸಾಮಾನು ಇಡುವ ಜಾಗ ನೋಡಿ. ಗ್ರ್ಯಾಂಡ್ ವಿಟಾರದ ಸೌಮ್ಯ ಹೈಬ್ರಿಡ್ ಮಾದರಿಯಲ್ಲಿ ಹಿಂದಿನ ಜಾಗ 373 ಲೀಟರ್; ಬ್ಯಾಟರಿಯ ಕಾರಣದಿಂದ ಪೂರ್ಣ ಹೈಬ್ರಿಡ್‌ನಲ್ಲಿ 265 ಲೀಟರ್. ತೋಟದಿಂದ ತೆಂಗಿನಕಾಯಿ, ತರಕಾರಿ ಚೀಲ ತರುವವರಿಗೆ ಇದು ಸಣ್ಣ ವಿಷಯವಲ್ಲ. ಬ್ಯಾಟರಿ ತಂಪಾಗಲು ಗಾಳಿ ಎಳೆಯುವ ಕಿಂಡಿ ಎಲ್ಲಿದೆ ಎಂದು ಕೇಳಿ, ಅದಕ್ಕೆ ಚೀಲ ಅಡ್ಡವಿಡಬೇಡಿ.

5) ವಾರಂಟಿಯ ಕಾಗದ ಪೂರ್ತಿ ಓದಿ. ಬಾಡಿಗೆಗೆ ಓಡಿಸುವವರು ತಮ್ಮ ಬಳಕೆಗೂ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಪಡೆಯಬೇಕು. ವಾರಂಟಿ ಮುಗಿದ ಬಳಿಕ ಬ್ಯಾಟರಿ ಬದಲಿಸಲು ಎಷ್ಟು ಖರ್ಚು ಎಂಬುದನ್ನೂ ಬರೆಸಿಕೊಳ್ಳಿ.

6) ಪೆಟ್ರೋಲ್ ಉಳಿಸುವುದೊಂದೇ ಉದ್ದೇಶವಾಗಿದ್ದರೆ ಚಿಕ್ಕ ಕಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರದ, 1200 ಸಿ.ಸಿ.ಯೊಳಗಿನ ಪೆಟ್ರೋಲ್ ಕಾರಿಗೆ ಜಿ.ಎಸ್.ಟಿ. ನೂರಕ್ಕೆ 18; ಅದಕ್ಕಿಂತ ದೊಡ್ಡದಕ್ಕೆ, ಹೈಬ್ರಿಡ್ ಆಗಿದ್ದರೂ, ನೂರಕ್ಕೆ 40 ಎಂದು ನಿಗದಿಯಾಯಿತು. ದೊಡ್ಡ ಹೈಬ್ರಿಡ್ ಕಾರಿನಿಂದ ಹೆದ್ದಾರಿಯಲ್ಲಿ ಸಿಗುವ ಮೈಲೇಜನ್ನು ಹಗುರವಾದ ಚಿಕ್ಕ ಪೆಟ್ರೋಲ್ ಕಾರು ಬಹಳ ಕಡಿಮೆ ಬೆಲೆಗೆ ಕೊಡಬಲ್ಲುದು.

ಹಣಕ್ಕೆ ಮೀರಿದ ಗುಣಗಳು

ಹೈಬ್ರಿಡ್ಡಿಗೆ ಲೆಕ್ಕದಲ್ಲಿ ಬಾರದ ಗುಣಗಳೂ ಇವೆ. ಪೇಟೆಯಲ್ಲಿ ಸದ್ದಿಲ್ಲದೆ ಸಾಗುತ್ತದೆ, ಹೊಗೆ ಕಡಿಮೆ, ಬ್ರೇಕ್ ಸವೆಯುವುದು ನಿಧಾನ. ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರದೇಶದಿಂದ ಬರುತ್ತದೆ. ಉಳಿಸಿದ ಪ್ರತಿ ಲೀಟರೂ ದೇಶಕ್ಕೆ ಉಪಕಾರ. ಈ ಗುಣಗಳಿಗಾಗಿ, ಕೈಯಲ್ಲಿ ಹಣವಿದ್ದು ಕೊಳ್ಳುವವರು ಸಂತೋಷವಾಗಿ ಕೊಳ್ಳಲಿ. ಆದರೆ ಅದನ್ನು ಉಳಿತಾಯ ಎಂದು ಕರೆಯದೆ ಖರ್ಚು ಎಂದೇ ಕರೆಯಲಿ.

ಅದೇ ಹಣ ಹೊಲದಲ್ಲಿ

ಗುಬ್ಬಿ, ಕುಣಿಗಲ್ ಕಡೆಯ ತೆಂಗು ಬೆಳೆಗಾರರಿಗೆ ಬೆಲೆಯ ಏರಿಳಿತ ಹೊಸದಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂ. ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದಿತ್ತು. 2025ರಲ್ಲಿ 12,100 ರೂ. ಬೆಂಬಲ ಬೆಲೆಯನ್ನು ಎಷ್ಟೋ ಪಾಲು ಮೀರಿ ಧಾರಣೆ ಮೇಲೇರಿತು. ಒಳ್ಳೆಯ ವರ್ಷದಲ್ಲಿ ಕೈಗೆ ಬಂದ ಹಣವೇ ಕೆಟ್ಟ ವರ್ಷವನ್ನು ದಾಟಿಸಬೇಕು.

ಎರಡೂವರೆ ಲಕ್ಷ ಎಂದರೆ ಒಂದು ಪವರ್ ಟಿಲ್ಲರಿನ ಬೆಲೆಗೆ ಹತ್ತಿರದ ಮೊತ್ತ. ತೋಟಕ್ಕೆ ಹನಿ ನೀರಾವರಿ, ಮಳೆನೀರು ಹಿಡಿಯುವ ಕೃಷಿ ಹೊಂಡ, ಒಣಗಿದ ತೆಂಗಿನ ಜಾಗಕ್ಕೆ ಹೊಸ ಸಸಿ ಇವೆಲ್ಲ ಅಷ್ಟು ಹಣದಲ್ಲಿ ಆಗುವ ಕೆಲಸಗಳು. ಕುಟುಂಬಕ್ಕೆ ಕಾರು ಬೇಡವೆಂದು ಇಲ್ಲಿ ಹೇಳುತ್ತಿಲ್ಲ. ರಾತ್ರಿ ವೇಳೆ ಆಸ್ಪತ್ರೆಗೆ ಹೋಗಬೇಕಾದ ಹಳ್ಳಿಯ ಮನೆಗೆ ಕಾರು ಭೋಗವಲ್ಲ, ಅಗತ್ಯ. ಕಾರು ಕೊಳ್ಳಿ, ಅದರ ಮೇಲೆ ಕೊಡುವ ಹೆಚ್ಚುವರಿ ಎರಡೂವರೆ ಲಕ್ಷಕ್ಕೆ ಮಾತ್ರ ಪ್ರತ್ಯೇಕ ಲೆಕ್ಕ ಕೇಳಿ.

ಒಟ್ಟಿನಲ್ಲಿ, ಪೇಟೆಯ ದಟ್ಟಣೆಯಲ್ಲಿ ಹೆಚ್ಚು ಓಡಿಸುವವರಿಗೂ ಬಾಡಿಗೆ ಕಾರಿನವರಿಗೂ ಪೂರ್ಣ ಹೈಬ್ರಿಡ್ ಯೋಗ್ಯ. ವಾರಕ್ಕೊಮ್ಮೆ ತುಮಕೂರಿಗೆ ಹೋಗಿಬರುವ ಕೃಷಿಕ ಕುಟುಂಬಕ್ಕೆ ಸಾಮಾನ್ಯ ಕಾರೇ ಸಾಕು. ನಡುವೆ ಇರುವವರು ನಾಲ್ಕು-ಒಂದರ ಲೆಕ್ಕ ಹಾಕಿ, ಬಡ್ಡಿಯನ್ನು ಮರೆಯದೆ ಸೇರಿಸಿ, ಆಮೇಲೆ ಮುಂಗಡ ಹಣ ಕೊಡುವುದು ಲೇಸು.